ತಾಮ್ರವನ್ನು ಹಿಡಿಯುವ ಕೈ

(ಪುತ್ತೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಇಟ್ಟವರು ನನಗೆ ಹಾಕಿದ ಷರತ್ತು ಒಂದೇ. "ನಿಮ್ಮ ರಸಾಯನಶಾಸ್ತ್ರವನ್ನೇ ಹೇಳಿ, ಆದರೆ ಅಡಿಕೆ ಸುಲಿಯುವವರಿಗೂ ಅರ್ಥ ಆಗಬೇಕು" ಎಂದರು. ಎಷ್ಟೋ ವರ್ಷ ಪಾಠ ಮಾಡಿದ ಧೈರ್ಯದಲ್ಲಿ ಒಪ್ಪಿಕೊಂಡೆ. ಆಮಂತ್ರಣ ಪತ್ರಿಕೆಯಲ್ಲಿ 'ಷಿಫ್ ಬೇಸ್ ಲಿಗ್ಯಾಂಡ್‌ಗಳು ಮತ್ತು ಸಂಕ್ರಮಣ ಲೋಹಗಳ ಸಂಕೀರ್ಣಗಳು' ಎಂದು ಅಚ್ಚಾಗಿ ಬಂದದ್ದನ್ನು ನೋಡಿ ನಮ್ಮ ಮನೆಯವರೇ ಕೇಳಿದರು: "ಇದಕ್ಕೆ ಜನ ಬರ್ತಾರಾ?" ಬಂದಿದ್ದೀರಿ. ಉಪನ್ಯಾಸದ ನಂತರ ಊಟ ಉಂಟೆಂದು ಅದೇ ಪತ್ರಿಕೆಯಲ್ಲಿ ಬರೆದಿತ್ತು ಎಂಬುದನ್ನೂ ನಾನು ಮರೆತಿಲ್ಲ.

ಈ ಮೇಜಿನ ಮೇಲೆ ಒಂದು ಪ್ರನಾಳ ಇಟ್ಟಿದ್ದೇನೆ. ಒಳಗೆ ಕೋಬಾಲ್ಟಿನ ಒಂದು ಸಂಯುಕ್ತದ ಪುಡಿಯನ್ನು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರವದಲ್ಲಿ ಕಲಸಿ ಇಟ್ಟದ್ದು. ಬಣ್ಣ ಕೆಂಪು. ಬಾಯಿ ತೆರೆದೇ ಇದೆ. ಒಳ್ಳೆಯ ಮನಸ್ಸಿನಿಂದ ಯಾರೂ ಮುಚ್ಚಬೇಡಿ. ಮುಂದಿನ ಸಾಲಿನ ಹುಡುಗನೊಬ್ಬ ಆಗಾಗ ಅದನ್ನು ಮೆಲ್ಲಗೆ ಅಲುಗಾಡಿಸುತ್ತಾನೆ. ಮಾತು ಮುಗಿಯುವಾಗ ಅದರ ಹತ್ತಿರ ಬರುತ್ತೇನೆ.

ಮೊದಲು ಒಂದು ಕತ್ತಿಯ ಕಥೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಅಡಿಕೆ ತೋಟಕ್ಕೆ ಮದ್ದು ಬಿಡುವ ದಿನವೆಂದರೆ ಮನೆಯಲ್ಲಿ ಒಂದು ಜಂಬರದ ಗಡಿಬಿಡಿ. ಒಂದು ಪಾತ್ರೆಯಲ್ಲಿ ಹತ್ತು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು. ಇನ್ನೊಂದರಲ್ಲಿ ಒಂದು ಕಿಲೋ ಸುಣ್ಣ, ಅರಳಿಸಿ, ಸೋಸಿ, ತೊಂಬತ್ತು ಲೀಟರ್ ಮಾಡಿ ಇಟ್ಟದ್ದು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸಪೂರ ಧಾರೆಯಾಗಿ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಲೇ ಇರಬೇಕು. ಆಕಾಶನೀಲಿಯ, ಗಂಜಿಯಂಥ ಮದ್ದು ಸಿದ್ಧವಾದ ಮೇಲೆ ಮದ್ದು ಬಿಡುವ ಆಳು ಸೊಂಟದ ಕತ್ತಿ ತೆಗೆದು ತುದಿಯನ್ನು ಅದರಲ್ಲಿ ಅದ್ದಿ, ಎತ್ತಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಕಬ್ಬಿಣ ಹೇಗಿತ್ತೋ ಹಾಗೆಯೇ ಇದ್ದರೆ ಮದ್ದು ಸರಿ. ಕೆಂಪು ಹತ್ತಿದರೆ ಸುಣ್ಣ ಸಾಲದು.

ಒಂದು ವರ್ಷ ಅಂಗಡಿಯಿಂದ ಬಂದ ಸುಣ್ಣ ಗಾಳಿ ತಾಗಿ ಸತ್ತು ಹೋಗಿತ್ತು. ಆ ದಿನ ಕತ್ತಿ ಎತ್ತಿದ ಆಳು, "ಅಣ್ಣೇರೇ, ಕೆಂಪು ಹಿಡಿದಿದೆ, ಇನ್ನು ಸ್ವಲ್ಪ ಸುಣ್ಣ ಬೇಕು" ಎಂದ. ಅಪ್ಪ ಪಡುವಣದ ಮೋಡ ನೋಡಿದರು. "ಸಾಕು ಮಾರಾಯ, ಮಳೆ ಬರುವ ಮೊದಲು ಬಿಟ್ಟು ಮುಗಿಸು" ಎಂದರು. ವಾರದೊಳಗೆ ಎಳೆ ಮಿಡಿಗಳು ಸುಟ್ಟ ಹಾಗೆ ಕಪ್ಪಾಗಿ ಬುಡದಲ್ಲಿ ಉದುರಿದವು. ಮಹಾಳಿ, ಅಂದರೆ ಕೊಳೆರೋಗ, ಮಾಡಬೇಕಾದ ಕೆಲಸವನ್ನು ಮದ್ದೇ ಮಾಡಿ ಮುಗಿಸಿತ್ತು. ಅಪ್ಪ ಆ ಅಂಗಡಿಯವನನ್ನು ಬೈದರು, ಆಳನ್ನು ಬೈದರು, ಮೋಡವನ್ನೂ ಬೈದರು.

ಆ ಕತ್ತಿಯ ತುದಿಗೆ ಹತ್ತಿದ ಕೆಂಪು ಅಪ್ಪಟ ತಾಮ್ರ. ಸುಣ್ಣ ಸಾಕಷ್ಟಿದ್ದರೆ ತಾಮ್ರ ಅದರೊಡನೆ ಸೇರಿ, ನೀರಿನಲ್ಲಿ ಕರಗದ ನೀಲಿ ಗಸಿಯಾಗಿ ಕೂತಿರುತ್ತದೆ. ಸುಣ್ಣ ಸಾಲದಿದ್ದರೆ ಮಿಕ್ಕ ತಾಮ್ರ ನೀರಿನಲ್ಲಿ ಅಲೆಯುತ್ತಿರುತ್ತದೆ. ಕಬ್ಬಿಣ ಸಿಕ್ಕರೆ ಕಬ್ಬಿಣದ ಮೇಲೆ, ಮಿಡಿ ಸಿಕ್ಕರೆ ಮಿಡಿಯ ಮೇಲೆ. ಸರಿಯಾದ ಮದ್ದಿನ ಡ್ರಮ್ಮಿನಲ್ಲೂ ಸುಣ್ಣ ಸಾಲದ ಡ್ರಮ್ಮಿನಲ್ಲೂ ತೂಕ ಮಾಡಿ ಹಾಕಿದ ತಾಮ್ರ ಅಷ್ಟೇ. ಒಂದು ಬೆಳೆ ಕಾಯುತ್ತದೆ, ಇನ್ನೊಂದು ಬೆಳೆ ಸುಡುತ್ತದೆ. ವ್ಯತ್ಯಾಸವೆಲ್ಲ ತಾಮ್ರವನ್ನು ಯಾರು ಹಿಡಿದಿದ್ದಾರೆ, ಎಷ್ಟು ಬಿಗಿಯಾಗಿ ಹಿಡಿದಿದ್ದಾರೆ ಎಂಬುದರಲ್ಲಿ. ಲೋಹವನ್ನು ಹೀಗೆ ಹಿಡಿಯುವ ಅಣುವಿಗೆ ನಮ್ಮ ಶಾಸ್ತ್ರದಲ್ಲಿ ಲಿಗ್ಯಾಂಡ್ ಎನ್ನುತ್ತಾರೆ. ಹಿಡಿದವರೂ ಹಿಡಿಸಿಕೊಂಡ ಲೋಹವೂ ಸೇರಿದ್ದು ಸಂಕೀರ್ಣ. ಆಮಂತ್ರಣ ಪತ್ರಿಕೆಯ ಅರ್ಧ ಭಾಗ ಇಲ್ಲಿಗೆ ಮುಗಿಯಿತು.

ಮೈಲುತುತ್ತಿನ ಹರಳು ನೀಲಿ ಏಕೆ? ಹರಳಿನೊಳಗೆ ತಾಮ್ರದ ಸುತ್ತ ನಾಲ್ಕು ನೀರಿನ ಅಣು ಕೂತಿವೆ. ಐದನೆಯದು ಪಕ್ಕದಲ್ಲಿ ಜೋತುಬಿದ್ದಿದೆ. ಹರಳನ್ನು ಬಾಣಲೆಯಲ್ಲಿ ಹುರಿದರೆ ನೀರು ಹಾರಿ ಪುಡಿ ಬೆಳ್ಳಗಾಗುತ್ತದೆ. ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ನೀರಿನ ಬದಲು ಅಮೋನಿಯಾ ಕೊಟ್ಟರೆ ಶಾಯಿಯಂಥ ಕಡುನೀಲಿ. ತಾಮ್ರ ಅದೇ, ಹಿಡಿದ ಕೈ ಬದಲಾದಂತೆ ಬಣ್ಣ ಬದಲು. ಹತ್ತೊಂಬತ್ತನೆಯ ಶತಮಾನದ ಪಂಡಿತರೆಲ್ಲ ಇಂಥ ಬಣ್ಣಬಣ್ಣದ ಲವಣಗಳ ಮುಂದೆ ತಲೆ ಕೆರೆದುಕೊಂಡು ಕೂತಿದ್ದಾಗ, 1893ರಲ್ಲಿ ಆಲ್ಫ್ರೆಡ್ ವರ್ನರ್ ಎಂಬ ಇಪ್ಪತ್ತಾರರ ಯುವಕ ಲೋಹದ ಸುತ್ತ ಇಂತಿಷ್ಟು ಜಾಗ, ಇಂತಿಂಥ ದಿಕ್ಕಿನಲ್ಲಿ ಇದೆ ಎಂದು ಹೇಳಿದ. ನಾಲ್ಕು ಜಾಗ, ಆರು ಜಾಗ. ಕುರ್ಚಿಯಲ್ಲಿ ಯಾರು ಕೂತರು ಎಂಬುದರ ಮೇಲೆ ಗುಣ. ಇಪ್ಪತ್ತು ವರ್ಷ ಹೋರಾಡಿ ಅದನ್ನು ಸಾಧಿಸಿ ತೋರಿಸಿ 1913ರಲ್ಲಿ ನೊಬೆಲ್ ಪಡೆದ. ವರ್ನರನ ಬಗ್ಗೆ ಒಂದು ಗಂಟೆ ಹೇಳಬಹುದು, ಹೇಳುವುದಿಲ್ಲ.

ಕತ್ತಿ ಅದ್ದಿ ನೋಡಿದ ಆ ಬೋರ್ಡೋ ಮದ್ದಿಗೇ ಹಿಂತಿರುಗೋಣ, ಏಕೆಂದರೆ ಈ ಸಭೆಯಲ್ಲಿ ಅದನ್ನು ಮಾಡಿ ಗೊತ್ತಿಲ್ಲದವರು ಕಡಿಮೆ, ಅದು ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿರುವವರೂ ಕಡಿಮೆ. ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಎರಚುವ ಪದ್ಧತಿ ಅಲ್ಲಿತ್ತು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಆ ಬಳ್ಳಿಗಳಿಗೆ ಮಾತ್ರ ರೋಗ ಬಾರದ್ದನ್ನು ಗಮನಿಸಿದ, 1885ರಲ್ಲಿ ಪ್ರಕಟಿಸಿದ. ಕಳ್ಳರಿಗೆಂದು ಮಾಡಿದ್ದು ರೋಗಕ್ಕಾಯಿತು. ಅದನ್ನು ಅಡಿಕೆ ಮರದ ತಲೆಗೆ ಹತ್ತಿಸಿದ ಕೀರ್ತಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರದ್ದು. ಕೊಳೆರೋಗದ ಮೇಲೆ ಅವರು ಬರೆದ ಪುಸ್ತಿಕೆಯನ್ನು ಮೈಸೂರು ಕೃಷಿ ಇಲಾಖೆ 1910ರಲ್ಲಿ ಹೊರತಂದಿತು. ಮಳೆಗೆ ತೊಳೆದು ಹೋಗದಿರಲು ಮದ್ದಿಗೆ ರಾಳ ಬೆರೆಸುವ ಉಪಾಯವೂ ಅವರ ಪ್ರಯೋಗಗಳಿಂದ ಬಂದದ್ದು. ನಾವು ಆಗ ಮದರಾಸು ಪ್ರಾಂತದವರು. ರೋಗಕ್ಕೆ ಮಾತ್ರ ಗಡಿ ಇರಲಿಲ್ಲ.

ಮದ್ದು ಒಣಗಿದ ಮೇಲೆ ಕಾಯಿಯ ಮೈಮೇಲೆ ನೀಲಿ ಪೊರೆ ಉಳಿಯುತ್ತದೆ. ಕರಗದ ತಾಮ್ರ ಅದು, ತನ್ನಷ್ಟಕ್ಕೆ ಯಾರನ್ನೂ ಕೊಲ್ಲದು. ಮಳೆಹನಿಯೊಂದಿಗೆ ಕೊಳೆರೋಗದ ಬೀಜಾಣು ಬಂದು ಅದರ ಮೇಲೆ ಕೂರುತ್ತದೆ. ಮೊಳೆಯುವಾಗ ಅದು ತನ್ನ ಮೈಯಿಂದ ಅಮೈನೋ ಆಮ್ಲಗಳನ್ನೂ ಇತರ ಸಾವಯವ ಆಮ್ಲಗಳನ್ನೂ ಒಸರುತ್ತದೆ. ಅಮೈನೋ ಆಮ್ಲ ತಾಮ್ರ ಕಂಡರೆ ಬಿಡದು, ಹೋಗಿ ಹಿಡಿದುಕೊಳ್ಳುತ್ತದೆ. ಹಿಡಿದ ಕೂಡಲೇ ಆ ತಾಮ್ರ ಕರಗುತ್ತದೆ. ಕರಗಿದ ತಾಮ್ರ ಬೀಜಾಣುವಿನ ಒಳಗೆ ಹೋಗಿ ಅದರ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ಒಸರಿದ್ದು ಬೀಜಾಣುವೇ, ವಿಷವನ್ನು ಒಳಗೆ ಕರೆದುಕೊಂಡದ್ದೂ ಬಹುಮಟ್ಟಿಗೆ ಅದರ ಒಸರೇ. ಮಳೆಯಲ್ಲಿರುವ ಇಂಗಾಲದ ಡೈಆಕ್ಸೈಡೂ ಸ್ವಲ್ಪ ತಾಮ್ರ ಬಿಡಿಸುತ್ತದೆ, ಆದರೆ ಈ ಒಸರಿನ ಪಾಲು ದೊಡ್ಡದು. ಸುಣ್ಣದ ಹಿಡಿತ ತೀರ ಸಡಿಲವಾದರೆ ನಮ್ಮ ಅಪ್ಪನ ಮಿಡಿಗಳ ಗತಿ. ತೀರ ಬಿಗಿಯಾದರೆ ಬೀಜಾಣು ನಗುತ್ತಾ ಮೊಳೆಯುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಹೊಯ್ಯುವ ಊರಿನಲ್ಲಿ, ನಲವತ್ತು ದಿನಕ್ಕೊಮ್ಮೆ ಬಿಡುವ ಮದ್ದು, ಈ ಎರಡರ ನಡುವಿನ ಹದದಲ್ಲಿ ನಿಂತಿದೆ.

ಸುಳ್ಯದ ಕಡೆಯವರು, ಅದರಲ್ಲೂ ಸಂಪಾಜೆ, ಅರಂತೋಡಿನವರು, ಈಗಲೇ ಕೈ ಎತ್ತಲು ಹೊರಟಿದ್ದಾರೆ. ನಿಮ್ಮ ಪ್ರಶ್ನೆ ಗೊತ್ತು. ಹಳದಿ ರೋಗಕ್ಕೆ ತಾಮ್ರ ಕೆಲಸ ಮಾಡದು. ಆ ರೋಗಾಣು ಮರದ ಆಹಾರನಾಳದ ಒಳಗಿದೆ, ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಹೊರಗೆ ಹಚ್ಚಿದ ಪೊರೆಯ ಮೇಲೆ ಅದು ಬಂದು ಕೂರುವುದೇ ಇಲ್ಲ.

ಈಗ ಷಿಫ್. ಆ ಹೆಸರಿನ ವಾಸನೆ ನಿಮಗೆಲ್ಲ ಗೊತ್ತಿದೆ. ಕೆಮ್ಮಿಂಜೆಯ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆಯ ಕಡೆಯಿಂದ ಗಾಳಿ ಬೀಸಿದರೆ ಬರುವ ವಾಸನೆ ಅದು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಆ ಕಾರ್ಖಾನೆ ಉದ್ಘಾಟಿಸಿದಾಗ ನೋಡಲು ಹೋದವರು ಇಲ್ಲಿಯೂ ಕೆಲವರು ಇರಬಹುದು. ನಮ್ಮ ಅಡಿಕೆ ತೋಟದ ನೆರಳಿನಲ್ಲಿ ಬೆಳೆದ ಕೊಕ್ಕೋದ ಹಸಿಬೀಜವನ್ನು ಬಾಯಿಗೆ ಹಾಕಿ ನೋಡಿ. ಹೊರಗಿನ ಲೋಳೆ ಸಿಹಿಹುಳಿ, ಒಳಗಿನ ಬೀಜ ಕಹಿ. ಚಾಕೊಲೇಟಿನ ಸುಳಿವೇ ಇಲ್ಲ. ಐದಾರು ದಿನ ರಾಶಿ ಹಾಕಿ ಹುಳಿ ಬರಿಸಿದಾಗ ಬೀಜದೊಳಗಿನ ಪ್ರೋಟೀನು ಒಡೆದು ಅಮೈನೋ ಆಮ್ಲಗಳಾಗುತ್ತವೆ, ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತವೆ. ಒಣಗಿಸಿ ಹುರಿದಾಗ ಇವೆರಡು ಮುಖಾಮುಖಿಯಾಗುತ್ತವೆ.

ಗ್ಲೂಕೋಸಿನ ತುದಿಯಲ್ಲಿ ಆಲ್ಡಿಹೈಡ್ ಎಂಬ ಗುಂಪು ಇದೆ. ಅಲ್ಲಿ ಒಂದು ಕಾರ್ಬನ್ ಒಂದು ಆಕ್ಸಿಜನ್ನನ್ನು ಎರಡು ಬಂಧಗಳಿಂದ ಹಿಡಿದಿರುತ್ತದೆ. ಅಮೈನೋ ಆಮ್ಲದ ತುದಿಯಲ್ಲಿ ನೈಟ್ರೋಜನ್, ಅದರ ಮೇಲೆ ಎರಡು ಹೈಡ್ರೋಜನ್. ಆ ಆಕ್ಸಿಜನ್ನೂ ಈ ಹೈಡ್ರೋಜನ್ನುಗಳೂ ನೀರಾಗಿ ಹೊರಟುಹೋದರೆ ಕಾರ್ಬನ್ನೂ ನೈಟ್ರೋಜನ್ನೂ ಎರಡು ಬಂಧಗಳಿಂದ ಜೋಡಿಯಾಗುತ್ತವೆ. ಹೀಗೆ ಕಾರ್ಬನ್–ನೈಟ್ರೋಜನ್ ಕೂಡಿದ ಅಣುವೇ ಷಿಫ್ ಬೇಸ್. ಹುರಿಯುವ ಕೊಕ್ಕೋದಲ್ಲಿ ಅದು ಕ್ಷಣಕಾಲ ಇರುತ್ತದೆ, ಮತ್ತೆ ರೂಪ ಬದಲಿಸಿ, ಒಡೆದು, ಹತ್ತಾರು ಸುವಾಸನೆಯ ಅಣುಗಳಾಗುತ್ತದೆ. ಈ ಸರಣಿಯನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯ ಮೈಯಾರ್ ಹೆಸರಿನಲ್ಲಿ ಅದು ಪ್ರಸಿದ್ಧ. ಉದ್ದಿನ ದೋಸೆಯ ಕೆಂಪು ಅದೇ, ಕಾಫಿಬೀಜದ ಕಪ್ಪು ಅದೇ. ನಮ್ಮ ನೀರುದೋಸೆ ಮಾತ್ರ ಬೆಳ್ಳಗೇ ಉಳಿಯುತ್ತದೆ, ಏಕೆಂದರೆ ನೀರು ತುಂಬಿದ ಹಿಟ್ಟು ನೂರು ಡಿಗ್ರಿ ದಾಟುವ ಮೊದಲೇ ನಾವು ಅದನ್ನು ಮಡಚಿ ಬಟ್ಟಲಿಗೆ ಹಾಕುತ್ತೇವೆ. ನೀರು ಹೊರಹೋದರೆ ಷಿಫ್ ಬೇಸ್ ಆಗುತ್ತದೆ, ನೀರು ಒಳಬಂದರೆ ಮತ್ತೆ ಎರಡು ತುಂಡಾಗುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹ್ಯೂಗೋ ಷಿಫ್ 1834ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ. ಬಾಳಿನ ಬಹುಭಾಗ ಕಳೆದದ್ದು ಇಟಲಿಯಲ್ಲಿ, 1915ರಲ್ಲಿ ತೀರಿಕೊಂಡದ್ದು ಫ್ಲಾರೆನ್ಸಿನಲ್ಲಿ. ಆಲ್ಡಿಹೈಡ್ ಮತ್ತು ಅಮೈನ್ ಕೂಡಿಸಿ ಹೊಸದೊಂದು ಬಗೆಯ ಬೇಸ್‌ಗಳನ್ನು ಮಾಡಿದೆನೆಂದು 1864ರಲ್ಲಿ ಪೀಸಾದ ಪ್ರಯೋಗಾಲಯದಿಂದ ಬರೆದ. ನನ್ನ ಮಟ್ಟಿಗೆ ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ಅದಕ್ಕೂ ಇಪ್ಪತ್ತನಾಲ್ಕು ವರ್ಷ ಮೊದಲು, 1840ರಲ್ಲಿ, ಎಟ್ಲಿಂಗ್ ಎಂಬವನು ತಾಮ್ರದ ಅಸಿಟೇಟ್, ಸ್ಯಾಲಿಸಿಲಾಲ್ಡಿಹೈಡ್ ಮತ್ತು ಅಮೋನಿಯಾ ಮೂರನ್ನೂ ಬೆರೆಸಿ ಕಡುಹಸಿರು ಹರಳು ಪಡೆದಿದ್ದ. ಅದು ಷಿಫ್ ಬೇಸಿನ ತಾಮ್ರ ಸಂಕೀರ್ಣ. ಷಿಫ್ ಬೇಸ್ ಎಂಬ ಮಾತು ಇರಲಿಲ್ಲ, ಸಂಕೀರ್ಣ ಎಂದರೇನೆಂದು ಹೇಳಲು ವರ್ನರ್ ಹುಟ್ಟಿರಲೇ ಇಲ್ಲ. ಹೆಸರಿಡುವ ಮೊದಲೇ ಮಗು ನಡೆದಾಡುತ್ತಿತ್ತು.

ಸ್ಯಾಲಿಸಿಲಾಲ್ಡಿಹೈಡ್ ಏಕೆ ಮುಖ್ಯವೆಂದರೆ ಅದರ ಬೆಂಜೀನ್ ಉಂಗುರದಲ್ಲಿ ಆಲ್ಡಿಹೈಡಿನ ಪಕ್ಕದ ಮನೆಯಲ್ಲೇ ಒಂದು ಓ–ಎಚ್ ಗುಂಪು ಕೂತಿದೆ. ಅಮೈನ್ ಸೇರಿಸಿ ಷಿಫ್ ಬೇಸ್ ಮಾಡಿದರೆ ಒಂದು ಬದಿಯಲ್ಲಿ ನೈಟ್ರೋಜನ್, ಇನ್ನೊಂದು ಬದಿಯಲ್ಲಿ ಆಕ್ಸಿಜನ್. ನಡುವೆ ಒಂದು ಲೋಹ ಕೂರುವಷ್ಟೇ ಜಾಗ. ನೈಟ್ರೋಜನ್ನಿನ ಮೇಲಿರುವ ಎರಡು ಎಲೆಕ್ಟ್ರಾನುಗಳಿಗೆ ಪಠ್ಯಪುಸ್ತಕದಲ್ಲಿ 'ಒಂಟಿ ಜೋಡಿ' ಎನ್ನುತ್ತೇವೆ. ಒಂಟಿಯೋ ಜೋಡಿಯೋ ಎಂದು ಪ್ರತಿ ವರ್ಷ ಒಬ್ಬ ಹುಡುಗ ಕೇಳುತ್ತಿದ್ದ, ನಾನು ಪ್ರತಿ ವರ್ಷ ಅದೇ ಹಳೆಯ ಉತ್ತರ ಹೇಳುತ್ತಿದ್ದೆ: ಮದುವೆಗೆ ನಿಂತ ಜೋಡಿ, ಎದುರಿಗೆ ಯಾರೂ ಬಂದಿಲ್ಲ. ಲೋಹ ಬಂದರೆ ಆ ಜೋಡಿಯನ್ನೇ ಚಾಚಿ ಹಿಡಿಯುತ್ತದೆ. ಎರಡು ಕಡೆಯಿಂದ ಹಿಡಿಯುವುದಕ್ಕೆ ಕೀಲೇಟ್ ಎಂದು 1920ರಲ್ಲಿ ಮೋರ್ಗನ್ ಮತ್ತು ಡ್ರೂ ಹೆಸರಿಟ್ಟರು; ಗ್ರೀಕಿನಲ್ಲಿ ಅದು ಏಡಿಯ ಕೈ. ಗದ್ದೆಯ ಬದುವಿನಲ್ಲಿ ಏಡಿ ಹಿಡಿದವರಿಗೆ ವಿವರಣೆ ಬೇಡ. ಒಂದು ಕೈ ಬಿಡಿಸುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ, ಅದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಕಚ್ಚಿರುತ್ತದೆ.

ಈ ಸ್ಯಾಲಿಸಿಲ್ ಅಸ್ಥಿಪಂಜರ ಪುತ್ತೂರಿಗೆ ಹೊರಗಿನದೆಂದು ತಿಳಿಯಬೇಡಿ. ಗೇರುಬೀಜ ಸುಟ್ಟು ತಿನ್ನುವ ಆಸೆಯಲ್ಲಿ ತುಟಿ ಸುಟ್ಟುಕೊಳ್ಳದ ಮಗು ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಇರಲಾರದು. ಸಿಪ್ಪೆಯಿಂದ ಚಟಪಟ ಸಿಡಿದು ಚರ್ಮದಲ್ಲಿ ಬೊಕ್ಕೆ ಎಬ್ಬಿಸುವ ಆ ಎಣ್ಣೆಯ ಬಹುಪಾಲು ಅನಕಾರ್ಡಿಕ್ ಆಮ್ಲ. ಅದು ಸ್ಯಾಲಿಸಿಲಿಕ್ ಆಮ್ಲಕ್ಕೆ ಹದಿನೈದು ಕಾರ್ಬನ್ನಿನ ಉದ್ದದ ಬಾಲ ಕಟ್ಟಿದ ಅಣು. ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಅದಕ್ಕೊಂದು ಆಲ್ಡಿಹೈಡ್ ಕೂರಿಸಿದರೆ ಬಾಲವಿರುವ ಸ್ಯಾಲಿಸಿಲಾಲ್ಡಿಹೈಡ್ ಸಿಗುತ್ತದೆ. ಅಮೈನ್ ಕೂಡಿಸಿದರೆ ಬಾಲವಿರುವ ಷಿಫ್ ಬೇಸ್. 1986ರಿಂದ ನಮ್ಮಲ್ಲೇ ಇರುವ ಗೇರು ಸಂಶೋಧನಾ ಕೇಂದ್ರ ತಳಿ, ಕಸಿ, ಕೀಟಗಳಲ್ಲಿ ಮಾಡಿದ ಕೆಲಸ ನಿಮಗೆ ಗೊತ್ತು. ನನ್ನ ಕಣ್ಣು ಮಾತ್ರ ಯಾವಾಗಲೂ ಸಿಪ್ಪೆಯ ಮೇಲೆ.

ಬಾಲದಿಂದ ಏನು ಪ್ರಯೋಜನ? ಬಾಲ ಇದ್ದರೆ ಅಣು ಸೀಮೆಎಣ್ಣೆಯಲ್ಲಿ ಕರಗುತ್ತದೆ. ಲೋಕದ ಗಣಿಗಳಲ್ಲಿ ಬಡ ಅದಿರನ್ನು ರಾಶಿ ಹಾಕಿ, ತೆಳು ಗಂಧಕಾಮ್ಲ ಹನಿಸಿ, ಬುಡದಲ್ಲಿ ಬರುವ ನೀಲಿ ನೀರನ್ನು ಸೀಮೆಎಣ್ಣೆಯಲ್ಲಿ ಕರಗಿಸಿದ ಸ್ಯಾಲಿಸಿಲಾಲ್ಡಾಕ್ಸಿಮಿನೊಂದಿಗೆ ಕಡೆಯುತ್ತಾರೆ. ಆಕ್ಸಿಮ್ ಎಂದರೆ ಷಿಫ್ ಬೇಸಿನ ದಾಯಾದಿ. ಅದೇ ಕಾರ್ಬನ್–ನೈಟ್ರೋಜನ್ ಜೋಡಿ, ಮೇಲೊಂದು ಓ–ಎಚ್. ಕಬ್ಬಿಣವೂ ಇತರ ಲೋಹಗಳೂ ನೀರಿನಲ್ಲೇ ಉಳಿಯುತ್ತವೆ, ತಾಮ್ರ ಮಾತ್ರ ಎಣ್ಣೆಗೆ ಏರುತ್ತದೆ. ಮಜ್ಜಿಗೆ ಕಡೆದು ಬೆಣ್ಣೆ ಎತ್ತಿದ ಹಾಗೆ. ಆಮೇಲೆ ಗಟ್ಟಿ ಆಮ್ಲ ತೋರಿಸಿದರೆ ಕೈ ಬಿಡುತ್ತದೆ. ಜಗತ್ತಿನಲ್ಲಿ ಅದಿರಿನಿಂದ ತೆಗೆಯುವ ತಾಮ್ರದ ಸುಮಾರು ಐದನೆಯ ಒಂದು ಪಾಲು ಇದೇ ದಾರಿಯಲ್ಲಿ ಬರುತ್ತದೆ. ನಿಮ್ಮ ಅಂಗಳದ ಪಂಪಿನ ತಂತಿಯ ತಾಮ್ರ ಒಮ್ಮೆ ಈ ಕೈಯಲ್ಲಿ ಇದ್ದಿರಲೂ ಸಾಕು.

(ಇಲ್ಲಿ ವಿದ್ಯಾರ್ಥಿನಿಯೊಬ್ಬಳು ಎರಡು ಬಣ್ಣವಿಲ್ಲದ ದ್ರಾವಣಗಳನ್ನು ಬೆರೆಸಿ ತೋರಿಸಿದಳು.)

ನೋಡಿದಿರಲ್ಲ, ಬೆಂಕಿ ಇಲ್ಲ, ಕಾಯುವುದಿಲ್ಲ. ಒಂದರಲ್ಲಿ ಸ್ಯಾಲಿಸಿಲಾಲ್ಡಿಹೈಡ್, ಕಹಿ ಬಾದಾಮಿಯ ವಾಸನೆ. ಇನ್ನೊಂದರಲ್ಲಿ ಎಥಿಲೀನ್ ಡೈಅಮೈನ್. ಎರಡೂ ತುದಿಯಲ್ಲಿ ನೈಟ್ರೋಜನ್ ಇರುವ ಗಿಡ್ಡ ಅಣು. ಸೇರಿದ ಕೂಡಲೇ ಲಿಂಬೆಹಳದಿ ಹರಳುಗಳು ಮಿನುಗುತ್ತಾ ಕೆಳಗಿಳಿದವು. ಇದರ ಹೆಸರು ಸ್ಯಾಲೆನ್. ಎರಡು ಏಡಿಗಳನ್ನು ಬೆನ್ನಿಗೆ ಬೆನ್ನು ಕಟ್ಟಿದಂತೆ. ಹಿಡಿಯಲು ಎರಡು ನೈಟ್ರೋಜನ್, ಎರಡು ಆಕ್ಸಿಜನ್, ಒಟ್ಟು ನಾಲ್ಕು ಕೈ. ಲೋಹವನ್ನು ನಾಲ್ಕು ಬದಿಯಿಂದ ಒಂದೇ ಸಮತಲದಲ್ಲಿ ಸುತ್ತುವರಿಯುತ್ತದೆ. ಮೇಲೆ ಕೆಳಗೆ ಎರಡು ಜಾಗ ಖಾಲಿ. ಈಗ ಆಕೆ ತಾಮ್ರ ಹಾಕುತ್ತಾಳೆ: ಗಾಢ ಹಸಿರು. ನಿಕಲ್ ಹಾಕಿದ್ದು ಕಿತ್ತಳೆಗೆಂಪು. ಸತು ಹಾಕಿದ್ದು ಹಳದಿಯಾಗಿಯೇ ಉಳಿಯಿತು. ಸತುವಿನ ಒಳಕೋಣೆ ಎಲೆಕ್ಟ್ರಾನುಗಳಿಂದ ಭರ್ತಿ, ಆಡಲು ಜಾಗವಿಲ್ಲ. ಇನ್ನೊಂದು ಮಾತು. ಷಿಫ್ ಬೇಸನ್ನು ನೀರು ಒಡೆಯುತ್ತದೆ ಎಂದಿದ್ದೆ. ಲೋಹವನ್ನು ಹಿಡಿದ ಮೇಲೆ ಅದು ಅಷ್ಟು ಸುಲಭದಲ್ಲಿ ಒಡೆಯದು. ಹಿಡಿದವನಿಗೂ ಹಿಡಿತದಿಂದ ಬಲ ಬಂತು.

ಈ ಸ್ಯಾಲೆನ್ ಸಂಕೀರ್ಣಗಳನ್ನು 1933ರಲ್ಲಿ ವಿಸ್ತಾರವಾಗಿ ವರ್ಣಿಸಿದವನು ವರ್ನರನ ಶಿಷ್ಯ ಪಾಲ್ ಫೈಫರ್. ಅರುವತ್ತು ವರ್ಷಗಳೊಳಗೆ, 1990ರಲ್ಲಿ, ಅಮೆರಿಕದ ಜೇಕಬ್‌ಸನ್ ಮತ್ತು ಜಪಾನಿನ ಕತ್ಸುಕಿ ಬೇರೆ ಬೇರೆಯಾಗಿ ಅದೇ ಚೌಕಟ್ಟಿನಲ್ಲಿ ಮ್ಯಾಂಗನೀಸ್ ಕೂರಿಸಿ, ಅಣುಗಳನ್ನು ಎಡಗೈ ರೂಪವೋ ಬಲಗೈ ರೂಪವೋ ಬೇಕಾದ್ದನ್ನೇ ಮಾಡುವ ವೇಗವರ್ಧಕ ತಂದರು. ಔಷಧ ತಯಾರಿಸುವವರಿಗೆ ಅದು ದೊಡ್ಡ ವರ.

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಏನಾಯಿತು? ಪುತ್ತೂರಿನಿಂದ ಬೆಳಗ್ಗಿನ ಬಸ್ಸು ಹಿಡಿದು ಎಂ.ಎಸ್ಸಿ.ಗೆಂದು ಹೊರಟ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಕೈಗೆತ್ತಿಕೊಂಡ ಮೊದಲ ಸಂಶೋಧನೆ ಷಿಫ್ ಬೇಸ್. ದುಬಾರಿ ಯಂತ್ರ ಬೇಡ, ಆಲ್ಕೋಹಾಲಿನಲ್ಲಿ ನಾಲ್ಕು ಗಂಟೆ ಕುದಿಸಿದರೆ ಹರಳು ಬೀಳುತ್ತದೆ, ಬಣ್ಣ ಚೆಂದ. ಅವಕೆಂಪು ಪಟ್ಟಿಯಲ್ಲಿ 1600ರಿಂದ 1640ರ ನಡುವೆ ಕಾರ್ಬನ್–ನೈಟ್ರೋಜನ್ನಿನ ಗೆರೆ ಕಂಡರೆ ಷಿಫ್ ಬೇಸ್ ಆಯಿತು. ಆ ಗೆರೆ ಸ್ವಲ್ಪ ಸರಿದರೆ ಲೋಹ ಹಿಡಿಯಿತು. ತಾಮ್ರದ ಕಾಂತೀಯ ಬೆಲೆ 1.73ರ ಆಸುಪಾಸು ಬಂದರೆ ಒಂಟಿ ಎಲೆಕ್ಟ್ರಾನ್ ಒಂದಿದೆ. ಕಲಿಯುವವರಿಗೆ ಇಷ್ಟು ಚೊಕ್ಕವಾದ ಪಾಠ ಇನ್ನೊಂದಿಲ್ಲ, ಅದನ್ನು ಹೀಗಳೆಯುವವನು ನಾನಲ್ಲ. ಆದರೆ ಪ್ರಬಂಧದ ಕೊನೆಯ ಅಧ್ಯಾಯ ಬಂತೆಂದರೆ ನನಗೆ ಆಕಳಿಕೆ. ತಟ್ಟೆಯಲ್ಲಿ ಅಗರ್, ಅದರಲ್ಲಿ ಎರಡು ಬ್ಯಾಕ್ಟೀರಿಯ, ಎರಡು ಬೂಷ್ಟು. ತಾಮ್ರದ ಸಂಕೀರ್ಣದ ಸುತ್ತ ಇಷ್ಟು ಮಿಲಿಮೀಟರ್ ಖಾಲಿ. ಬರಿ ಲಿಗ್ಯಾಂಡಿಗಿಂತ ಸಂಕೀರ್ಣದ ಶಕ್ತಿ ಹೆಚ್ಚು. ಕಾರಣ, ಟ್ವೀಡಿಯ ಕೀಲೇಟ್ ಸಿದ್ಧಾಂತ. ಮುಕ್ತಾಯ. ನಾನು ಓದಿದ ಪ್ರಬಂಧಗಳಲ್ಲಿ ಈ ಪುಟ ಅಕ್ಷರ ಬದಲಾಗದೆ ಎಷ್ಟು ಸಲ ಬಂದಿದೆಯೋ. ಟ್ವೀಡಿ 1964ರಲ್ಲಿ ಅದನ್ನು ಬರೆದದ್ದು ಸಸ್ಯರೋಗಗಳ ಪತ್ರಿಕೆಯಲ್ಲಿ, ಸಸ್ಯರಸ ಮತ್ತು ಲೋಹದ ಅಯಾನುಗಳ ಬಗ್ಗೆ. ಅದನ್ನು ಉಲ್ಲೇಖಿಸುವ ನಮ್ಮ ಹುಡುಗ ಜೂನ್ ತಿಂಗಳಲ್ಲಿ ಮನೆಗೆ ಹೋಗಿ ಮದ್ದಿಗೆ ಸುಣ್ಣ ಸೋಸುತ್ತಾನೆ. ಎರಡೂ ಒಂದೇ ಪ್ರಶ್ನೆ ಎಂದು ಅವನಿಗೆ ಯಾರೂ ಹೇಳಿಲ್ಲ. ನಾನೂ ನನ್ನ ವಿದ್ಯಾರ್ಥಿಗಳಿಗೆ ಹೇಳಿರಲಿಲ್ಲ. ಕೊಳೆರೋಗದ ಫೈಟಾಫ್ತೊರಾವನ್ನು ತಟ್ಟೆಯಲ್ಲಿ ಬೆಳೆಸಿ, ತಾಮ್ರವನ್ನು ಎಷ್ಟು ಬಿಗಿಯಾಗಿ ಹಿಡಿದರೆ ಎಷ್ಟು ನಿಧಾನ ಬಿಡುತ್ತದೆ, ಎಷ್ಟು ಕಡಿಮೆ ತಾಮ್ರದಲ್ಲಿ ಕೆಲಸ ಆಗುತ್ತದೆ ಎಂದು ಅಳೆದು ನೋಡಿ. ಆ ಕೊನೆಯ ಅಧ್ಯಾಯವನ್ನು ನಾನು ನಿದ್ದೆ ಮಾಡದೆ ಓದುತ್ತೇನೆ.

ಕಡಿಮೆ ತಾಮ್ರ ಏಕೆ ಬೇಕು? ಲೆಕ್ಕ ಮಾಡಿ. ಮೈಲುತುತ್ತಿನ ತೂಕದಲ್ಲಿ ನೂರಕ್ಕೆ ಇಪ್ಪತ್ತೈದು ಚಿಲ್ಲರೆ ಭಾಗ ತಾಮ್ರ. ಇನ್ನೂರು ಲೀಟರಿನ ಒಂದು ಡ್ರಮ್ಮು ಬಿಟ್ಟಿರೆಂದರೆ ಅರ್ಧ ಕಿಲೋ ತಾಮ್ರ ತೋಟಕ್ಕೆ ಇಳಿಯಿತು. ವರ್ಷಕ್ಕೆ ನಿಮ್ಮದು ಎಷ್ಟು ಡ್ರಮ್ಮು, ಅಜ್ಜನ ಕಾಲದಿಂದ ಎಷ್ಟು ವರ್ಷ, ನೀವೇ ಗುಣಿಸಿ. ತಾಮ್ರ ಕೊಳೆಯುವ ವಸ್ತುವಲ್ಲ. ಹಟ್ಟಿಗೊಬ್ಬರ, ಸೊಪ್ಪು ಕರಗಿದ ಕಪ್ಪುಮಣ್ಣಿನಲ್ಲಿ ಸ್ಯಾಲಿಸಿಲಿಕ್ಕಿನ ನೆಂಟರಂಥ ಗುಂಪುಗಳು ಬೇಕಾದಷ್ಟಿವೆ, ಅವು ಅದನ್ನು ಹಿಡಿದು ಮೇಲ್ಪದರದಲ್ಲೇ ಇಟ್ಟುಕೊಳ್ಳುತ್ತವೆ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ. ಹುಳಿ ಹೆಚ್ಚಿದಂತೆ ಆ ಹಿಡಿತ ಸಡಿಲವಾಗುತ್ತದೆ, ಎರೆಹುಳು ಮೊದಲು ಪೆಟ್ಟು ತಿನ್ನುತ್ತದೆ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಎಂದು ಬರೆಯಿರಿ.

ಇನ್ನು ಹೇಳಲಿರುವುದನ್ನು ಕೆಲವರು ಇಷ್ಟಪಡಲಾರರು. ನಾನೂ ಅಡಿಕೆ ಮಾರಿ ಓದಿದವನು, ಎಲೆಯಡಿಕೆ ಹಾಕುತ್ತಿದ್ದವನು. ನಮ್ಮ ಚರ್ಮ, ಒಸಡು, ಕೆನ್ನೆಯ ಒಳಪದರವನ್ನು ಹಿಡಿದು ನಿಲ್ಲಿಸುವ ಹುರಿ ಕೊಲಾಜನ್. ಆ ಹುರಿಯ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಕಿಣ್ವ ಲೈಸಿಲ್ ಆಕ್ಸಿಡೇಸ್. ಅದರ ಹೊಟ್ಟೆಯಲ್ಲಿ ತಾಮ್ರ ಇದೆ, ತಾಮ್ರವಿಲ್ಲದೆ ಅದು ನಡೆಯದು. ಅದು ಎಳೆಯ ಮೇಲಿನ ಒಂದು ಅಮೈನನ್ನು ಆಲ್ಡಿಹೈಡ್ ಮಾಡುತ್ತದೆ. ಪಕ್ಕದ ಎಳೆಯ ಅಮೈನ್ ಬಂದು ಅದನ್ನು ಕೂಡುತ್ತದೆ. ನೀರು ಹೊರಗೆ, ಕಾರ್ಬನ್–ನೈಟ್ರೋಜನ್ ಜೋಡಿ. ಹೌದು, ಷಿಫ್ ಬೇಸ್. ಹೊಲಿಗೆ ಹದದಲ್ಲಿದ್ದರೆ ಕೆನ್ನೆ ಮೆತ್ತಗೆ, ಗಟ್ಟಿ. ಅತಿಯಾದರೆ ಕೆನ್ನೆ ಹಲಗೆಯಾಗುತ್ತದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯದು. ಅಡಿಕೆ ಜಗಿಯುವವರಲ್ಲಿ ಕಾಣುವ ಆ ಕಾಯಿಲೆಗೆ ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಅಡಿಕೆಯ ತಾಮ್ರವೂ ಈ ಕಿಣ್ವವನ್ನು ಚುರುಕುಗೊಳಿಸುತ್ತದೆ ಎಂಬ ವಾದವನ್ನು 1990ರ ದಶಕದಲ್ಲಿ ಲಂಡನ್ನಿನ ಸಂಶೋಧಕರು ಮುಂದಿಟ್ಟರು. ಅಡಿಕೆಯಲ್ಲೇ ಇರುವ ಅರೆಕೊಲಿನ್, ಚೊಗರು ಇವುಗಳ ಪಾಲೂ ಇದೆ; ತಾಮ್ರ ಒಂದು ಎಳೆ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಪ್ರಕಟಿಸಿತು. ಗುಟ್ಕಾದ ಪಾಪವನ್ನು ಅಡಿಕೆಯ ತಲೆಗೆ ಕಟ್ಟಿದರು ಎಂಬ ನಮ್ಮ ಬೆಳೆಗಾರರ ಸಿಟ್ಟು ನನಗೆ ಗೊತ್ತು, ಒಂದು ಮಟ್ಟಿಗೆ ನನಗೂ ಇದೆ. ಆದರೆ ಕಿಣ್ವಕ್ಕೆ ನಮ್ಮ ಸಿಟ್ಟು ಗೊತ್ತಿಲ್ಲ. ಮದ್ದಿನ ಡ್ರಮ್ಮಿನಲ್ಲಿ ತಾಮ್ರದ ಹದ ಹೇಳುವವನು ಬಾಯಿಯ ವಿಷಯ ಬಂದಾಗ ಮಾತು ನುಂಗಿದರೆ ಅವನನ್ನು ಉಪನ್ಯಾಸಕ್ಕೆ ಕರೆಯಬಾರದು.

ಸಮಯವಾಯಿತು. ಪ್ರನಾಳ ಎಲ್ಲಿದೆ?

ಒಳಗಿರುವುದು ಕೋಬಾಲ್ಟ್ ಹಿಡಿದ ಸ್ಯಾಲೆನ್. ಇದರ ಕೆಂಪು ಗಾಳಿಯಲ್ಲಿ ಕಪ್ಪಾಗುವುದನ್ನು ಫೈಫರ್ ಕಂಡಿದ್ದ, ಕಾರಣ ಹೇಳಿರಲಿಲ್ಲ. 1938ರಲ್ಲಿ ಜಪಾನಿನ ತ್ಸುಮಾಕಿ ಹೇಳಿದ: ಇದು ಗಾಳಿಯ ಆಮ್ಲಜನಕವನ್ನು ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ನಮ್ಮ ರಕ್ತದ ಕಬ್ಬಿಣ ಮಾಡುವ ಕೆಲಸವನ್ನೇ ಕೋಬಾಲ್ಟ್ ಇಲ್ಲಿ ಗಾಜಿನೊಳಗೆ ಮಾಡುತ್ತದೆ; ನಾಲ್ಕು ಕೈ ಸುತ್ತ ಹಿಡಿದಿವೆ, ಖಾಲಿ ಜಾಗದಲ್ಲಿ ಆಮ್ಲಜನಕ ಬಂದು ಕೂರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮುಂದೆ ದ್ಯುತಿಸಂಶ್ಲೇಷಣೆಗಾಗಿ ನೊಬೆಲ್ ಪಡೆದ ಮೆಲ್ವಿನ್ ಕ್ಯಾಲ್ವಿನ್ ಮತ್ತು ಸಂಗಡಿಗರು ಗಾಳಿಯಿಂದ ಆಮ್ಲಜನಕ ಬೇರ್ಪಡಿಸಲು ಇಂಥವನ್ನೇ ಪರೀಕ್ಷಿಸಿದ್ದರು.

ನಾನು ಮಾತು ಶುರುಮಾಡಿದಾಗ ಇದು ಕೆಂಪಾಗಿತ್ತು. ಈಗ ನೋಡಿ, ಕಡುಕಂದು. ಇಷ್ಟು ಹೊತ್ತು ನಾವೆಲ್ಲ ಉಸಿರಾಡುತ್ತಿದ್ದ ಗಾಳಿಯಿಂದ ತನ್ನ ಪಾಲು ತೆಗೆದುಕೊಂಡಿದೆ. ಈಗ ಕ್ಲೋರೋಫಾರ್ಮ್ ಹಾಕುತ್ತೇನೆ, ಮೆಲ್ಲಗೆ, ಗೋಡೆಯ ಮೇಲಿಂದ ಜಾರಿಸಿ. ಕಿಟಕಿಯ ಹತ್ತಿರ ಇರುವವರು ಕಿಟಕಿ ತೆರೆಯಿರಿ. ಅಲುಗಾಡಿಸಬೇಡ, ಮಗೂ. ಬುಡದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದು ಮೇಲೆ ಬರುತ್ತಿವೆ ನೋಡಿ, ಒಂದು, ಮತ್ತೊಂದು. ಹಿಂದೆ ಕೂತವರಿಗೆ ಕಾಣದು, ಭೂತಕನ್ನಡಿ ಇಲ್ಲಿ ಇಟ್ಟಿದ್ದೇನೆ. ಮಕ್ಕಳು ಮೊದಲು ಬರಲಿ, ಊಟದ ಸಾಲಿಗೆ ಹೋಗುವವರು ಆ ಬದಿಯಿಂದ ಹೋಗಿ.